ನೆಲದಿಂದ ಏಳುವ ಕಸುವು: ಐವತ್ತು ದಾಟಿದವರಿಗೆ ಮನೆಯಲ್ಲೇ ಮಾಡುವ ಸಾಮು

ಸಿಂದಗಿ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಸಂಬಂಧಿಕರ ಮನೆಯ ವಾಸ್ತುಶಾಂತಿ ಇತ್ತು. ಪಂಕ್ತಿ ನೆಲದ ಮೇಲೆ. ಊಟ ಮುಗಿದು ಎಲ್ಲರೂ ಎದ್ದರು, ಅವ್ವ ಮಾತ್ರ ಏಳಲಿಲ್ಲ. ಎಡಗೈ ನೆಲಕ್ಕೆ ಊರಿದಳು. ಎಂಜಲಾಗಿದ್ದ ಬಲಗೈಯನ್ನು ಗಾಳಿಯಲ್ಲಿ ಹಿಡಿದು ಗೋಡೆ ಹುಡುಕಿದಳು. ಗೋಡೆ ದೂರ ಇತ್ತು. ನಾನು ಹೋಗಿ ರಟ್ಟೆ ಹಿಡಿದು ಎಬ್ಬಿಸಿದೆ. "ಕಾಲಾಗ ಕಸುವ ಉಳದಿಲ್ಲ ಬಿಡವಾ, ವಯಸ್ಸಾತು" ಅಂದಳು.

ಅವ್ವನಿಗೆ 74. ಮೊಣಕಾಲು ನೋವಿಲ್ಲ, ಸಕ್ಕರೆ ಇಲ್ಲ, ಬಿಪಿಗೆ ಒಂದು ಗುಳಿಗೆ ಅಷ್ಟೇ. ವಿಜಯಪುರದ ನಮ್ಮ ಕಾಲೊನಿಯಲ್ಲಿ ದಿನಾ ಬೆಳಿಗ್ಗೆ ಮುಕ್ಕಾಲು ತಾಸು ನಡೆಯುತ್ತಾಳೆ. ದಿನಾ ಇಷ್ಟು ನಡೆಯುವವಳಿಗೆ ನೆಲದಿಂದ ಏಳಲು ಯಾಕೆ ಆಗುತ್ತಿಲ್ಲ? ಈ ಪ್ರಶ್ನೆ ಹಿಡಿದು ಓದಿದ್ದು, ಫಿಸಿಯೋಥೆರಪಿಯವರನ್ನು ಕೇಳಿದ್ದು, ಆಮೇಲೆ ಅವ್ವನ ಮೇಲೂ ನನ್ನ ಮೇಲೂ ಮಾಡಿ ನೋಡಿದ್ದು ಎಲ್ಲ ಇಲ್ಲಿದೆ.

ಕಸುವು ಬೇರೆ, ದಮ್ಮು ಬೇರೆ

ನಮ್ಮ ಕಡೆ ಇವೆರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತಾರೆ. ಜೋಳದ ಚೀಲ ಎತ್ತಲು ಕಸುವು ಬೇಕು. ಗೋಳಗುಮ್ಮಟದ ಮೆಟ್ಟಿಲು ಏದುಸಿರು ಬಿಡದೆ ಹತ್ತಲು ದಮ್ಮು ಬೇಕು. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಮೊದಲು ಕಸುವು. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ನಮ್ಮ ಸ್ನಾಯು ಸುಮಾರು 3ರಿಂದ 8 ಶೇಕಡಾ ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಸ್ನಾಯುವಿನ ಗಾತ್ರಕ್ಕಿಂತ ಅದರ ಶಕ್ತಿ ಇನ್ನೂ ಜೋರಾಗಿ ಇಳಿಯುತ್ತದೆ. ಡಾಕ್ಟರರು ಇದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. 1980ರ ದಶಕದ ಕೊನೆಗೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇಟ್ಟ ಹೆಸರು ಅದು.

ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಜಾತಿಯ ಎಳೆಗಳಿವೆ. ನಿಧಾನದ ಎಳೆಗಳು ತಾಸುಗಟ್ಟಲೆ ದಣಿಯದೆ ದುಡಿಯುತ್ತವೆ. ನಡೆಯುವಾಗ ಹೆಚ್ಚಾಗಿ ಅವೇ ಕೆಲಸ ಮಾಡುವುದು. ಇನ್ನೊಂದು ಜಾತಿ ವೇಗದ ಎಳೆಗಳು. ಭಾರ ಎತ್ತುವಾಗ, ನೆಲದಿಂದ ಏಳುವಾಗ, ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಬೀಳದಂತೆ ತಡೆಯುವಾಗ ಇವು ಬೇಕು. ವಯಸ್ಸಾದಂತೆ ಮೊದಲು ಸೊರಗುವುದು ಈ ವೇಗದ ಎಳೆಗಳೇ. ಸುಮ್ನೆ ನಡೆಯುತ್ತಾ ಹೋದರೆ ಇವಕ್ಕೆ ಅಷ್ಟಾಗಿ ಕರೆ ಹೋಗುವುದಿಲ್ಲ. ಅವ್ವ ನಡೆಯಬಲ್ಲಳು, ಏಳಲಾರಳು ಅನ್ನುವುದರ ಗುಟ್ಟು ಇಷ್ಟೇ.

ಇನ್ನು ದಮ್ಮು. ಇದು ಹುಟ್ಟುವುದು ಜೀವಕೋಶದ ಒಳಗಿನ ಮೈಟೊಕಾಂಡ್ರಿಯಾಗಳಲ್ಲಿ. ಇವನ್ನು ಪುಟ್ಟ ಒಲೆಗಳು ಅಂದುಕೊಳ್ಳಿ. ಉಂಡ ಅನ್ನವನ್ನೂ ಎಳೆದ ಉಸಿರನ್ನೂ ಸೇರಿಸಿ ಉರಿಸಿ ಶಕ್ತಿ ಹೊತ್ತ ಎಟಿಪಿ ಅನ್ನುವ ರಾಸಾಯನಿಕವನ್ನು ಮಾಡಿಕೊಡುತ್ತವೆ. ಎಟಿಪಿಯನ್ನು ದೇಹ ಕೂಡಿಟ್ಟುಕೊಳ್ಳಲಾರದು. ಯಾವ ಹೊತ್ತಿಗೂ ಮೈಯಲ್ಲಿ ಇರುವುದು ತೀರಾ ಸ್ವಲ್ಪ. ಅದನ್ನೇ ಖರ್ಚು ಮಾಡಿ, ಮತ್ತೆ ಮಾಡಿ, ಒಂದು ದಿನಕ್ಕೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು ಎಟಿಪಿ ತಿರುಗುತ್ತದೆ. ಅಂದರೆ ಒಲೆ ಒಂದು ಗಳಿಗೆಯೂ ಆರುವಂತಿಲ್ಲ.

ವಯಸ್ಸಾದರೆ ಈ ಒಲೆಗಳು ಕಡಿಮೆಯಾಗುತ್ತವೆ, ಕೆಲವು ಕೆಟ್ಟು ಬರೀ ಹೊಗೆ ಕಾರುತ್ತವೆ. ಕೂತೇ ಇರುವವರಲ್ಲಂತೂ ಇದು ಜಾಸ್ತಿ. ಆದರೆ ಸ್ನಾಯು ದಣಿಯುವಷ್ಟು ಕೆಲಸ ಕೊಟ್ಟರೆ ಕೋಶ ಎಚ್ಚರಾಗುತ್ತದೆ. ಶಕ್ತಿ ಸಾಲುತ್ತಿಲ್ಲ ಅಂತ ಹೊಸ ಒಲೆ ಹೂಡುತ್ತದೆ, ಕೆಟ್ಟದ್ದನ್ನು ಒಡೆದು ಹಾಕುತ್ತದೆ. ಒಲೆ ಹೆಚ್ಚುವುದನ್ನು 1967ರಲ್ಲಿ ಜಾನ್ ಹೊಲೋಜಿ ಅನ್ನುವ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ತೋರಿಸಿದರು. 2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಜನರ ಮೇಲೆ 12 ವಾರ ಪ್ರಯೋಗ ಮಾಡಿದರು. ಜೋರು, ನಿಧಾನ, ಮತ್ತೆ ಜೋರು ಅನ್ನುವ ರೀತಿಯ ವ್ಯಾಯಾಮ ಮಾಡಿದ ಯುವಕರ ಮೈಟೊಕಾಂಡ್ರಿಯಾದ ಸಾಮರ್ಥ್ಯ 49 ಶೇಕಡಾ ಏರಿತು. 65ರಿಂದ 80ರ ವಯಸ್ಸಿನವರಲ್ಲಿ ಏರಿದ್ದು 69 ಶೇಕಡಾ. ಮುದುಕರೇ ಮುಂದೆ! ಬರೀ ಭಾರ ಎತ್ತಿದ ಗುಂಪಿನವರಿಗೆ ಸ್ನಾಯು ಬಂತು, ಒಲೆ ಅಷ್ಟಾಗಿ ಹೆಚ್ಚಲಿಲ್ಲ. ಹಾಗಾಗಿ ಎರಡೂ ಮಾಡಬೇಕು.

"ಈ ವಯಸ್ಸಿನಾಗ ಇನ್ನೇನ ಆಗತೈತಿ" ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ 1990ರ ಒಂದು ಅಧ್ಯಯನ ಹೇಳಿ. ಅಮೆರಿಕದ ವೃದ್ಧಾಶ್ರಮ ಒಂದರಲ್ಲಿ ಮರಿಯಾ ಫಿಯಟರೋನ್ ಅನ್ನುವ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಗೆ ಕಾಲಿನ ಶಕ್ತಿ ಸರಾಸರಿ 174 ಶೇಕಡಾ ಹೆಚ್ಚಿತ್ತು.

ಶುರು ಮಾಡುವ ಮುಂಚೆ

ಎದೆನೋವು ಬಂದು ಹೋದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಇತ್ತೀಚೆಗೆ ಆಪರೇಷನ್ ಆದವರು, ಆಗಾಗ ತಲೆ ತಿರುಗಿ ಬೀಳುವವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಸಕ್ಕರೆಗೆ ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸುವ ಗುಳಿಗೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಬೇಡಿ. ಕಿಸೆಯಲ್ಲಿ ಒಂದು ತುಂಡು ಬೆಲ್ಲ ಇರಲಿ.

ಹಂತ 1: ಈಗ ಎಲ್ಲಿದ್ದೀರಿ ಅಂತ ಅಳೆಯಿರಿ

ಬೇಕಾಗುವುದು ಒಂದು ಕುರ್ಚಿ, ದರ್ಜಿಯ ಟೇಪು, ಮೊಬೈಲಿನ ಗಡಿಯಾರ.

ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಇದನ್ನು ಮರೆಯಬೇಡಿ. ಎರಡೂ ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಕಾಲಿನ ಕಸುವು ಕಡಿಮೆಯಾಗಿದೆ ಅಂತ ಲೆಕ್ಕ. ಏಷ್ಯಾದ ತಜ್ಞರು 2019ರಲ್ಲಿ ಗೊತ್ತು ಮಾಡಿದ ಅಳತೆ ಇದು. ಅವ್ವನಿಗೆ 19 ಸೆಕೆಂಡ್ ಬೇಕಾಯಿತು. ಮೂರನೇ ಸಲಕ್ಕೇ ಕೈ ಬಿಚ್ಚಿ ಕುರ್ಚಿ ಹಿಡಿಯಲು ನೋಡಿದಳು.

ಮುಂದಿನದು ನಡಿಗೆ. ನೆಲಕ್ಕೆ ಎರಡು ಅಡಿಯ ಟೈಲ್ಸ್ ಇದ್ದರೆ ಹತ್ತು ಎಣಿಸಿ, ಅದು ಸುಮಾರು ಆರು ಮೀಟರ್. ದಿನಾ ನಡೆಯುವ ವೇಗದಲ್ಲೇ ದಾಟಿ. ಆರು ಸೆಕೆಂಡ್ ಮೀರಿದರೆ ನಡಿಗೆ ನಿಧಾನವಾಗಿದೆ. ಮೀನಖಂಡದ ಅತಿ ದಪ್ಪ ಇರುವ ಕಡೆ ಟೇಪು ಸುತ್ತಿ. ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಸಾಧ್ಯತೆ ಇದೆ. ಕಡೆಯದಾಗಿ ಅಡುಗೆಮನೆಯ ಕಟ್ಟೆ ಪಕ್ಕ ನಿಂತು ಒಂದು ಕಾಲು ಎತ್ತಿ, ಹತ್ತು ಸೆಕೆಂಡ್ ನಿಲ್ಲಲು ಆಗುತ್ತದಾ ನೋಡಿ.

ಬಂದ ಲೆಕ್ಕವನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಎರಡು ತಿಂಗಳ ನಂತರ ಮತ್ತೆ ಅಳೆಯಬೇಕು.

ಹಂತ 2: ಮೊದಲ ಎರಡು ವಾರ, ಕೌದಿ ಮತ್ತು ಕುರ್ಚಿ

ಇಲ್ಲಿ ನನ್ನ ತಪ್ಪು ಒಂದು ಹೇಳಿಬಿಡುತ್ತೇನೆ. ಅವ್ವನಿಗೆ ಕಲಿಸುವ ಮುಂಚೆ ನಾನೇ ಕಲಿಯೋಣ ಅಂತ, 51ನೇ ವಯಸ್ಸಿನಲ್ಲಿ, ಒಂದು ಜಿಮ್ಮಿಗೆ ಹೋದೆ. ಅಲ್ಲಿನ ಹುಡುಗ ಮೊದಲ ದಿನವೇ ನೂರು ಬೈಠಕ್ ಹೊಡೆಸಿದ. ನಾನೂ ಹುಮ್ಮಸ್ಸಿನಲ್ಲಿ ಹೊಡೆದೆ. ಮುಂದಿನ ಮೂರು ದಿನ ಪಾಯಖಾನೆಯಲ್ಲಿ ಕೂರಲು ನಲ್ಲಿ ಹಿಡಿದೆ, ಏಳಲು ದೇವರನ್ನು ನೆನೆದೆ. ನಾಲ್ಕನೇ ದಿನ ಜಿಮ್ ಬಿಟ್ಟೆ. ತುಂಬಾ ಜನ ವ್ಯಾಯಾಮ ಬಿಡುವುದು ಸೋಮಾರಿತನಕ್ಕಲ್ಲ, ಮೊದಲ ವಾರ ಅತಿ ಮಾಡಿದ್ದಕ್ಕೆ. ಹೊಸದಾಗಿ ಶುರು ಮಾಡಿದವರಿಗೆ ಒಂದೆರಡು ದಿನ ಮೈಕೈ ಹಿಡಿದಂತೆ ಆಗುವುದು ಸಹಜ. ಆದರೆ ಸಂದಿನೊಳಗೆ ಚುಚ್ಚುವ ನೋವು, ಊತ ಇದ್ದರೆ ನಿಲ್ಲಿಸಿ. ಅತಿಯಾಗಿ ದಣಿದ ಮೇಲೆ ವಿಪರೀತ ನೋವಿನ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಈಗ ಕುರ್ಚಿ ಬೈಠಕ್. ಕುರ್ಚಿ ಮೇಲೆ ಒಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ. ಕುರ್ಚಿ ಎತ್ತರವಾದಷ್ಟೂ ಏಳುವುದು ಹಗುರ. ಕುರ್ಚಿಯ ಅಂಚಿಗೆ ಸರಿದು ಕೂಡಿ. ಪಾದಗಳನ್ನು ಮೊಣಕಾಲಿನ ಕೆಳಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಎದೆ ಮುಂದಕ್ಕೆ ಬಾಗಿಸಿ. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಬಾಗಿದ ಮೇಲೆ ಹಿಮ್ಮಡಿ ಒತ್ತಿ ಎದ್ದೇಳಿ. ಮೊಣಕಾಲು ಒಳಗೆ ಮುದುಡಿಕೊಳ್ಳಬಾರದು. ಕೂರುವಾಗ ಧೊಪ್ಪನೆ ಬೀಳದೆ ಒಂದು, ಎರಡು, ಮೂರು ಅಂತ ಎಣಿಸುತ್ತಾ ಇಳಿಯಿರಿ. ಸ್ನಾಯುವಿಗೆ ಇಳಿಯುವುದೂ ಏಳುವಷ್ಟೇ ಒಳ್ಳೆಯ ಕೆಲಸ. ಎಂಟು ಸಲ ಮಾಡಿ, ಎರಡು ನಿಮಿಷ ಕೂಡಿ, ಮತ್ತೆ ಎಂಟು ಸಲ.

ಅವ್ವನಿಗೆ ಬಾಗುವುದೇ ತಿಳಿಯುತ್ತಿರಲಿಲ್ಲ. ನೆಟ್ಟಗೆ ಕೂತು ಮೇಲಕ್ಕೆ ಜಿಗಿಯಲು ನೋಡುತ್ತಿದ್ದಳು. "ಯವ್ವಾ, ರೊಟ್ಟಿ ತಟ್ಟಾಕ ಬಾಗ್ತಿದ್ದೆಲ್ಲ, ಹಂಗ ಬಾಗು" ಅಂದೆ. ಆಗ ಬಂತು.

ಜೊತೆಗೆ ಇನ್ನೆರಡು. ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈ ಎದೆಯ ಎತ್ತರಕ್ಕೆ ಗೋಡೆಗೆ ಇಟ್ಟು, ಮೊಣಕೈ ಮಡಚಿ ಗೋಡೆಯ ಹತ್ತಿರ ಹೋಗಿ ಮತ್ತೆ ದೂಡಿಕೊಂಡು ಬನ್ನಿ. ಇದು ಗೋಡೆ ದಂಡ. ಸುಲಭ ಅನ್ನಿಸಿದರೆ ಇನ್ನೊಂದು ಹೆಜ್ಜೆ ಹಿಂದೆ ಸರಿಯಿರಿ. ಆಮೇಲೆ ಅಡುಗೆಕಟ್ಟೆಗೆ ಕೈ ಊರಿ ಮಾಡಿ. ಇನ್ನೊಂದು, ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು. ನಿಧಾನವಾಗಿ ಇಳಿಸಿ, ಹತ್ತು ಸಲ.

ಉಸಿರು ಕಟ್ಟಬೇಡಿ. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಸಟಕ್ಕನೆ ಏರುತ್ತದೆ. ಗಟ್ಟಿಯಾಗಿ ಬಾಯಿಬಿಟ್ಟು ಎಣಿಸಿದರೆ ಸಾಕು, ಉಸಿರು ಕಟ್ಟಲು ಆಗುವುದೇ ಇಲ್ಲ. ಅವ್ವ ಅಂಕಿಯ ಬದಲು ಮೊಮ್ಮಕ್ಕಳ ಹೆಸರು ಹೇಳುತ್ತಾಳೆ. ಮೊಮ್ಮಕ್ಕಳು ಏಳೇ ಜನ, ಹಾಗಾಗಿ ಎಂಟನೆಯದಕ್ಕೆ ನಮ್ಮ ಎಮ್ಮೆಯ ಹೆಸರು.

ವಾರಕ್ಕೆ ಎರಡು ದಿನ ಸಾಕು. ಸೋಮವಾರ ಮಾಡಿದರೆ ಮುಂದಿನದು ಗುರುವಾರ. ಸ್ನಾಯು ಬೆಳೆಯುವುದು ಮಾಡುವಾಗಲ್ಲ, ನಡುವಿನ ಬಿಡುವಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯೂ ಕನಿಷ್ಠ ಎರಡು ದಿನ ಅಂತಲೇ ಇದೆ.

ಹಂತ 3: ಭಾರ ಏರಿಸಿ

ಎಷ್ಟೋ ಜನ ಹಂತ 2ರಲ್ಲೇ ನಿಂತುಬಿಡುತ್ತಾರೆ. ವರ್ಷಗಟ್ಟಲೆ ಅದೇ ಹತ್ತು ಬೈಠಕ್. ಅದರಿಂದ ಕಸುವು ಏರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಹನುಮಪ್ಪನ ಗುಡಿ ಮುಂದೆ ಗುಂಡುಕಲ್ಲುಗಳು ಬಿದ್ದಿರುತ್ತವೆ, ನೋಡಿದ್ದೀರಲ್ಲ? ಒಂದು ಸಣ್ಣದು, ಒಂದು ಅದಕ್ಕಿಂತ ದೊಡ್ಡದು, ಇನ್ನೊಂದು ಯಾರೂ ಅಲ್ಲಾಡಿಸಲಾಗದ್ದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಪೈಲ್ವಾನರು ದೊಡ್ಡ ಕಲ್ಲಿನಿಂದ ಶುರು ಮಾಡಿದವರಲ್ಲ. ಸಣ್ಣದು ಹಗುರ ಅನ್ನಿಸಿದ ಮೇಲೆ ಮುಂದಿನದಕ್ಕೆ ಕೈ ಹಾಕಿದವರು. ಗರಡಿಮನೆಯ ಈ ಲೆಕ್ಕ ಎಪ್ಪತ್ತರ ಅಜ್ಜಿಗೂ ಹೊಂದುತ್ತದೆ. ಕಲ್ಲು ಮಾತ್ರ ಬೇರೆ.

ನಮ್ಮ ಮನೆಯ ಕಲ್ಲು ಐದು ಲೀಟರಿನ ಎಣ್ಣೆ ಕ್ಯಾನು. ಹಿಡಿಕೆ ಇದೆ, ಮುಚ್ಚಳ ಇದೆ, ಒಂದು ಲೀಟರ್ ನೀರಿಗೆ ಒಂದು ಕೆಜಿ. ದುಡ್ಡು ಕೊಟ್ಟು ಡಂಬೆಲ್ ತರುವ ಅಗತ್ಯವೇ ಇಲ್ಲ. ಮೊದಲು ಕೌದಿಯ ಒಂದೊಂದೇ ಮಡಿಕೆ ಬಿಚ್ಚುತ್ತಾ ಬನ್ನಿ. ಬರೀ ಕುರ್ಚಿಯಿಂದ ಹತ್ತು ಸಲ ಸಲೀಸಾಗಿ ಎದ್ದರೆ ಕ್ಯಾನಿಗೆ ಎರಡು ಲೀಟರ್ ನೀರು ಹಾಕಿ, ಎದೆಗೆ ಅವಚಿಕೊಂಡು ಏಳಿ. ಅದೂ ಹಗುರಾದರೆ ಇನ್ನರ್ಧ ಲೀಟರ್.

ಭಾರ ಸರಿಯಿದೆಯಾ ಅಂತ ತಿಳಿಯುವುದು ಹೀಗೆ. ಎಂಟೋ ಹತ್ತೋ ಸಲ ಮುಗಿಸಿದಾಗ, ಬೇಕಂದರೆ ಇನ್ನೆರಡು ಸಲ ಆದೀತು, ಅದಕ್ಕಿಂತ ಜಾಸ್ತಿ ಆಗದು ಅನ್ನಿಸಬೇಕು. ಪಕ್ಕದ ಮನೆಯವರ ಜೊತೆ ಹರಟುತ್ತಾ ಇಪ್ಪತ್ತು ಸಲ ಎತ್ತಿದರೆ ಅದು ಭಾರವೇ ಅಲ್ಲ.

ಅದೇ ಕ್ಯಾನಿನಿಂದ ಬೆನ್ನಿಗೂ ಕೆಲಸ ಕೊಡಿ. ಹಿಂದೆ ಬಾವಿಯ ನೀರು ಸೇದುವಾಗ ಆಗುತ್ತಿದ್ದ ಕೆಲಸ ಅದು, ಈಗ ನಲ್ಲಿ ಬಂದು ನಿಂತಿದೆ. ಎಡಗೈಯನ್ನು ದಿವಾನದ ಮೇಲೆ ಊರಿ, ಬೆನ್ನು ನೇರ ಇಟ್ಟು ಬಾಗಿ. ಬಲಗೈಯಲ್ಲಿ ಕ್ಯಾನು ಹಿಡಿದು ಮೊಣಕೈಯನ್ನು ಪಕ್ಕೆಲುಬಿನ ತನಕ ಎಳೆಯಿರಿ. ಎರಡೂ ಕಡೆ ಎಂಟೆಂಟು ಸಲ. ಕೊನೆಗೆ ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು ಪಡಸಾಲೆಯಲ್ಲಿ ಒಂದು ನಿಮಿಷ ನಡೆಯಿರಿ. ಹಿಡಿತ, ಹೆಗಲು, ಸೊಂಟ ಮೂರಕ್ಕೂ ಇದೇ ಮದ್ದು.

ಆರೇಳು ವಾರ ಆದ ಮೇಲೆ ಒಂದು ಬದಲಾವಣೆ ಮಾಡಿ. ಕೂರುವುದು ನಿಧಾನ ಇರಲಿ, ಏಳುವುದು ಚುರುಕಾಗಲಿ. ಕ್ಯಾನು ಪಕ್ಕಕ್ಕಿಟ್ಟು ಬರಿಗೈಯಲ್ಲಿ ಸರ್ರನೆ ಏಳಿ. ವೇಗದ ಎಳೆಗಳು ಎಚ್ಚರಾಗುವುದು ಹೀಗೆ. ಬಚ್ಚಲಲ್ಲಿ ಕಾಲು ಜಾರಿದಾಗ ಕೈ ಹಿಡಿಯುವುದು ಅವೇ ತಾನೆ.

ಹೊಲದಲ್ಲಿ ದುಡಿಯುವವರು "ನಮಗ್ಯಾಕ್ರೀ ಇದೆಲ್ಲ" ಅನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕಳೆ ತೆಗೆಯುವ, ಕಬ್ಬು ಕಡಿಯುವ ಅರವತ್ತರ ಹೆಂಗಸಿನ ಕಾಲು ನನ್ನ ಕಾಲಿಗಿಂತ ಗಟ್ಟಿ. ಆದರೆ ಆ ಕೆಲಸ ದಿನವಿಡೀ ಒಂದೇ ಕಡೆಗೆ ಬಾಗಿದ್ದು, ಬಿಡುವಿಲ್ಲದ್ದು. ಅವರಿಗೆ ಬೈಠಕ್ ಬೇಡ. ಬೆನ್ನು ಹಿಂದಕ್ಕೆ ಎಳೆಯುವ ಕ್ಯಾನಿನ ವ್ಯಾಯಾಮ ಮತ್ತು ಹೊಟ್ಟೆ ತುಂಬಾ ಊಟ ಬೇಕು. ನಿಜವಾಗಿ ಕಷ್ಟ ಇರುವುದು ಹೊಲ ಬಿಟ್ಟು ಮಕ್ಕಳ ಜೊತೆ ಊರಿಗೆ ಬಂದವರಿಗೆ. ಹಿಂದೆ ನೆಲದ ಒಲೆ ಮುಂದೆ ರೊಟ್ಟಿ ಮಾಡುವಾಗ ಹಿಟ್ಟಿಗೊಮ್ಮೆ, ನೀರಿಗೊಮ್ಮೆ, ಕಟ್ಟಿಗೆಗೊಮ್ಮೆ ಎದ್ದು ಕೂತು, ದಿನಕ್ಕೆ ಐವತ್ತು ಬೈಠಕ್ ಸುಮ್ನೆ ಆಗುತ್ತಿತ್ತು. ಈಗ ನಿಂತು ಅಡುಗೆ, ಸೋಫಾ ಮೇಲೆ ಊಟ, ಕಮೋಡ್. ನೆಲಕ್ಕೂ ನಮಗೂ ಮಾತೇ ನಿಂತುಹೋಗಿದೆ.

ಹಂತ 4: ನೆಲದಿಂದ ಏಳುವುದನ್ನು ಕಲಿಯಿರಿ

ಕುರ್ಚಿಯಲ್ಲಿ ಕಸುವು ಬಂದ ಮೇಲೆ ಕೆಳಗೆ ಇಳಿಯಿರಿ. ಮೊದಲು ಗಿಡ್ಡ ಸ್ಟೂಲು, ಆಮೇಲೆ ರೊಟ್ಟಿ ಮಾಡುವಾಗ ಕೂರುತ್ತಿದ್ದ ಮಣೆ, ಆಮೇಲೆ ನೆಲ. ಮಂಡಿ ಸವೆದು ಆಪರೇಷನ್ ಆದವರು ಈ ಹಂತವನ್ನು ಫಿಸಿಯೋಥೆರಪಿಯವರ ಮುಂದೆಯೇ ಮಾಡಿ.

ಹೆಚ್ಚಿನವರು ಕೂತಲ್ಲಿಂದ ನೇರ ಮೇಲಕ್ಕೆ ಏಳಲು ನೋಡುತ್ತಾರೆ. ಅದು ಕಷ್ಟದ ದಾರಿ. ಸುಲಭದ ದಾರಿ ಬೇರೆ ಇದೆ. ಒಂದು ಮಗ್ಗುಲಿಗೆ ವಾಲಿ ಎರಡೂ ಅಂಗೈ ನೆಲಕ್ಕೆ ಊರಿ. ತಿರುಗಿ ಮೊಣಕಾಲ ಮೇಲೆ ಬನ್ನಿ, ಮಕ್ಕಳು ಅಂಬೆಗಾಲಿಡುವ ಹಾಗೆ. ಗಟ್ಟಿ ಇರುವ ಕಾಲಿನ ಪಾದವನ್ನು ಮುಂದಕ್ಕೆ ತಂದು ನೆಲಕ್ಕೆ ಇಡಿ. ಎರಡೂ ಕೈಯನ್ನು ಆ ತೊಡೆಯ ಮೇಲಿಟ್ಟು, ಮುಂದಕ್ಕೆ ಬಾಗಿ, ಒತ್ತಿ ಎದ್ದೇಳಿ. ಮೊದಮೊದಲು ಪಕ್ಕದಲ್ಲಿ ಕುರ್ಚಿ ಇರಲಿ, ತೊಡೆಯ ಬದಲು ಅದನ್ನು ಒತ್ತಿ ಏಳಿ. ಮಂಡಿ ಕೆಳಗೆ ಕೌದಿ ಹಾಸಿಕೊಳ್ಳಿ. ದಿನಾ ಎರಡೇ ಸಲ ಸಾಕು.

ಬಿದ್ದವರಿಗೆ ಎಷ್ಟೋ ಸಲ ಪೆಟ್ಟಿಗಿಂತ ಹೆಚ್ಚು ಕಾಡುವುದು ಏಳಲಾಗದೆ ತಾಸುಗಟ್ಟಲೆ ನೆಲದ ಮೇಲೆ ಉಳಿಯುವುದು. ಒಬ್ಬರೇ ಇರುವ ಹಿರಿಯರು ಬೇರೇನು ಬಿಟ್ಟರೂ ಇದನ್ನು ಕಲಿಯಲೇಬೇಕು.

ಒಂಟಿಕಾಲಲ್ಲಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಗೆರೆ ಮೇಲೆ ನಡೆಯುವುದು, ಇವನ್ನು ವಾರಕ್ಕೆ ಮೂರು ದಿನ ಕಟ್ಟೆ ಪಕ್ಕ ಮಾಡಿ. ಹಲ್ಲುಜ್ಜುವಾಗ ಮಾಡಿದರೆ ಬೇರೆ ಹೊತ್ತು ಬೇಡ.

ಹಂತ 5: ದಮ್ಮಿಗೆ ಜೋರು ನಡಿಗೆ

ವಾಕಿಂಗ್ ಬಿಡಬೇಡಿ, ಅದರ ರೀತಿ ಬದಲಿಸಿ. ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪದ್ಧತಿ ಒಂದಿದೆ. ಮೂರು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ಐದು ಸುತ್ತು. ಒಟ್ಟು ಅರ್ಧ ತಾಸು, ವಾರಕ್ಕೆ ನಾಲ್ಕು ದಿನ. ಅರವತ್ತರ ಆಸುಪಾಸಿನವರು ಐದು ತಿಂಗಳು ಮಾಡಿದಾಗ ಒಂದೇ ವೇಗದಲ್ಲಿ ನಡೆದವರಿಗಿಂತ ಅವರ ದಮ್ಮೂ ಹೆಚ್ಚಿತು, ತೊಡೆಯ ಬಲವೂ ಹೆಚ್ಚಿತು.

ಜೋರು ಅಂದರೆ ಎಷ್ಟು? ಮಾತಾಡಿ ನೋಡಿ. ಪೂರ್ತಿ ವಾಕ್ಯ ಸರಾಗವಾಗಿ ಬಂದರೆ ಅದು ನಿಧಾನ. ಮೂರ್ನಾಲ್ಕು ಶಬ್ದಕ್ಕೊಮ್ಮೆ ಉಸಿರು ತಗೊಳ್ಳಬೇಕಾದರೆ ಅದು ಜೋರು. ಶುರುವಿನಲ್ಲಿ ಅರ್ಧ ನಿಮಿಷ ಜೋರು, ಎರಡು ನಿಮಿಷ ನಿಧಾನ ಸಾಕು. ಎದೆ ಬಿಗಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂತು ಯಾರನ್ನಾದರೂ ಕರೆಯಿರಿ.

ನಮ್ಮ ಜಿಲ್ಲೆಯ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರೂವರೆ ಒಳಗೆ ಮುಗಿಸಿ, ಇಲ್ಲವಾದರೆ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯಿರಿ. ಹೊರಡುವ ಮುಂಚೆ ಒಂದು ಲೋಟ ನೀರು ಕುಡಿಯಿರಿ. ವಾರಕ್ಕೆ ಒಟ್ಟು 150 ನಿಮಿಷ ಮುಟ್ಟಿದರೆ ಚೆನ್ನ.

ಹಂತ 6: ತಾಟಿನಲ್ಲಿ ಕಾಳು ಇರಲಿ

ಇಟ್ಟಿಗೆ ಇಲ್ಲದೆ ಗೋಡೆ ಏಳದು. ಸ್ನಾಯುವಿಗೆ ಇಟ್ಟಿಗೆ ಅಂದರೆ ಪ್ರೋಟೀನ್. ವಯಸ್ಸಾದವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅಂತ ತಜ್ಞರ ಸಲಹೆ. ಅವ್ವನ ತೂಕ 52 ಕೆಜಿ. ಅಂದರೆ 52ರಿಂದ 62 ಗ್ರಾಂ.

ಒಂದು ದಿನ ಅವಳ ಊಟ ಲೆಕ್ಕ ಹಾಕಿದೆ. ಬೆಳಿಗ್ಗೆ ಚಾ, ಎರಡು ಟೋಸ್ಟು. ಮಧ್ಯಾಹ್ನ ಒಂದೂವರೆ ರೊಟ್ಟಿ, ಬದನೆಕಾಯಿ ಪಲ್ಯ, ತಿಳಿಸಾರು ಅನ್ನ. ರಾತ್ರಿ ಹಾಲು ಅನ್ನ. ಎಲ್ಲ ಕೂಡಿದರೆ 30 ಗ್ರಾಂ ಕೂಡ ಆಗಲಿಲ್ಲ. ಸೋಮವಾರ ಒಪ್ಪತ್ತು ಬೇರೆ! ಹಿರಿಯರಿಗೆ ಹಸಿವು ಕಡಿಮೆ, ಹಲ್ಲು ಕಡಿಮೆ, ಮೇಲಾಗಿ "ನಮಗ್ಯಾಕ ಅಷ್ಟೆಲ್ಲ" ಅನ್ನುವ ಸಂಕೋಚ.

ಹೊರಗಿನಿಂದ ಪುಡಿ ಡಬ್ಬಿ ತರಲಿಲ್ಲ. ಬೆಳಿಗ್ಗೆ ಮಡಕಿ ಕಾಳಿನ ಉಸುಳಿ, ಜೊತೆಗೆ ಮೊಸರು, ಸುಮಾರು 12 ಗ್ರಾಂ. ಮಧ್ಯಾಹ್ನ ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಎರಡು ಚಮಚ ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ಇದು ಸುಮಾರು 26. ಸಂಜೆ ಒಂದು ಹಿಡಿ ಪುಟಾಣಿ, ಅಂದರೆ ಹುರಿಗಡಲೆ, 6 ಗ್ರಾಂ. ರಾತ್ರಿ ಕಡಲೆಹಿಟ್ಟಿನ ಝುಣಕ, ಒಂದು ರೊಟ್ಟಿ, ಒಂದು ಲೋಟ ಹಾಲು, ಸುಮಾರು 17. ಕೂಡಿಸಿ ನೋಡಿ, 61 ಆಯಿತು. ಹಲ್ಲಿಲ್ಲದವರಿಗೆ ಪುಟಾಣಿ ಪುಡಿ ಮಾಡಿ ಹಾಲಿಗೆ ಹಾಕಿ, ಬಿಸಿ ರೊಟ್ಟಿಯನ್ನು ಮುಟಗಿ ಮಾಡಿ ಕೊಡಿ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದರಲ್ಲಿ 6 ಗ್ರಾಂ.

ವಯಸ್ಸಾದ ಸ್ನಾಯುವಿಗೆ ಕಿವಿ ಮಂದ. ಚೂರುಪಾರು ಪ್ರೋಟೀನು ಬಂದರೆ ಅದಕ್ಕೆ ಕೇಳಿಸುವುದಿಲ್ಲ. ಒಂದು ಊಟದಲ್ಲಾದರೂ 25 ಗ್ರಾಂ ಸುಮಾರು ಒಟ್ಟಿಗೆ ಇರಲಿ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಈ ಲೆಕ್ಕ ಬೇರೆ, ಡಾಕ್ಟರ್ ಹೇಳಿದಷ್ಟೇ ತಿನ್ನಿ.

ಜ್ವರ ಬಂದು ಮಲಗಿದರೆ

ಇದೇ ದೊಡ್ಡ ಗಂಡಾಂತರ. ಆರೋಗ್ಯವಾಗಿದ್ದ ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಬಂತು. ಕಾಲುಗಳಿಂದಲೇ ಸುಮಾರು ಒಂದು ಕೆಜಿ ಸ್ನಾಯು ಕರಗಿತ್ತು. ಜ್ವರ ಇರುವಾಗ ವ್ಯಾಯಾಮ ಬೇಡವೇ ಬೇಡ. ಆದರೆ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ತೊಡೆ ಬಿಗಿಹಿಡಿದು ಬಿಡಿ, ಊಟಕ್ಕೆ ಎದ್ದು ಕೂಡಿ. ಜ್ವರ ಬಿಟ್ಟು ಎರಡು ದಿನ ಆದ ಮೇಲೆ ಶುರು ಮಾಡಿ, ಹಿಂದಿನ ಭಾರದ ಅರ್ಧದಿಂದ. ಮೊದಲಿನ ಜಾಗಕ್ಕೆ ಬರಲು ಮಲಗಿದ ದಿನಗಳ ಎರಡು ಮೂರು ಪಟ್ಟು ಹಿಡಿಯಬಹುದು.

ಅವ್ವ ನಾಲ್ಕನೇ ತಿಂಗಳಿಗೆ ಐದು ಸಲ ಎದ್ದು ಕೂರುವುದನ್ನು 11 ಸೆಕೆಂಡಿಗೆ ತಂದಿದ್ದಳು. ಮಣೆಯಿಂದ ಕೈ ಊರದೆ ಏಳುತ್ತಿದ್ದಳು. ಆಮೇಲೆ ಮಳೆಗಾಲದಲ್ಲಿ ಜ್ವರ, ಕೀಲುನೋವು ಅಂತ ಹನ್ನೆರಡು ದಿನ ಮಲಗಿದಳು. ಎದ್ದಾಗ ಕುರ್ಚಿ ಮೇಲೆ ಮತ್ತೆ ಕೌದಿ ಬಂತು, ನಾಲ್ಕೂ ಮಡಿಕೆ. "ಮತ್ತ ಒಂದನೇತ್ತಾಕ ಹಾಕಿದ್ರಲ್ಲ ನನ್ನ" ಅಂತ ಬೈದಳು. ಈಗ ಕೌದಿ ಎರಡು ಮಡಿಕೆಗೆ ಇಳಿದಿದೆ. ಬೆನ್ನಿಗೆ ಎಳೆಯುವ ಕ್ಯಾನಿನಲ್ಲಿ ಒಂದು ಲೀಟರ್ ನೀರಿದೆ.